ಹರಿವಾಣದ ತುಂಬ ಹಳೇ ಬೆಳ್ಳಿ

ಬೆಳ್ಳಿ ಕೆಲಸಕ್ಕೇ ಹೆಸರಾದ ತಾಸ್ಕೋದಂಥ ಊರಿನಲ್ಲಿ ಬೆಳ್ಳಿಯ ಗಂಧಗಾಳಿಯಿಲ್ಲದೆ ಬದುಕುವುದು ಮೀನುಗಾರರ ಕೇರಿಯಲ್ಲಿ ಈಜು ಬಾರದೆ ಬದುಕಿದ ಹಾಗೆ. ಯಾರೂ ಬಾಯಿಬಿಟ್ಟು ಏನೂ ಅನ್ನುವುದಿಲ್ಲ. ಒಂದು ತೆರನಾದ ಮರುಕದಿಂದ ನೋಡಿ, ಮಾತನ್ನು ಬಿಸಿಲು ಮಳೆಯ ಕಡೆಗೆ ತಿರುಗಿಸುತ್ತಾರೆ. ದೋನ್ ನಿಕಾನೋರ್ ಬಾಯೇನಾ ಈ ಮರುಕವನ್ನು ಮದುವೆಯಾದಂದಿನಿಂದ ಮೂರು ಹೊತ್ತೂ ಉಂಡವನು.

ಅವನು ಹುಟ್ಟಿದ್ದು ಬೆಟ್ಟದ ಕೆಳಗಿನ ಇಗ್ವಾಲದಲ್ಲಿ. ತಾಸ್ಕೋದ ಲಾಳದ ಓಣಿಗೆ ಬಂದದ್ದು ಮನೆಅಳಿಯನಾಗಿ. ಮಾವ ಕೈಗುಣವುಳ್ಳ ಬೆಳ್ಳಿ ಕೆಲಸಗಾರ. ಅಳಿಯನಿಗೂ ಕೆಲಸ ಕೈಗೆ ಹತ್ತಲಿ ಎಂದು ಬೆಸುಗೆ ಹಾಕಲು ಕೂರಿಸಿದ. ಅಳಿಯ ಉರಿಯನ್ನು ತಾಗಿಸಬೇಕಾದಲ್ಲಿ ತಾಗಿಸದೆ ಮಾವನ ಮೀಸೆಯ ಎಡಗಡೆಗೆ ತಾಗಿಸಿದ. ಬಲಗಡೆಯದನ್ನು ಮಾವ ತಾನೇ ಬೋಳಿಸಿಕೊಂಡು, ಮರುದಿನವೇ ಅಳಿಯನಿಗೆ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತೆ ಕೆಲಸ ಹುಡುಕಿಕೊಟ್ಟ. ಅಲ್ಲಿ ನಿಕಾನೋರ್ ನೀರಿನ ಅರ್ಜಿಗಳಿಗೆ ಮೊಹರು ಒತ್ತುತ್ತ ತಲೆ ನರೆಯಿಸಿಕೊಂಡ. ಜನ ಕಿಟಕಿಗೆ ಬಗ್ಗಿ, ಒಂದು ಬುಟ್ಟಿ ಸೀಬೆಹಣ್ಣನ್ನು ಒಳಗೆ ತಳ್ಳಿ, ಕಿವಿಯಲ್ಲಿ ತಮ್ಮ ಕಷ್ಟ ಉಸುರುತ್ತಿದ್ದರು. ಅವನು ತಲೆದೂಗಿ "ಗುರುವಾರದೊಳಗೆ ನೋಡೋಣ" ಎನ್ನುತ್ತಿದ್ದ. ಯಾವ ಗುರುವಾರ ಎಂದು ಕೇಳುವ ಎದೆಗಾರಿಕೆ ಯಾರಿಗೂ ಇರಲಿಲ್ಲ.

ನಿವೃತ್ತನಾಗಿ ಸುಖವಾಗಿಯೇ ಇದ್ದ. ಕೆಡಿಸಿದ್ದು ಒಂದು ನಾಮಕರಣದ ಊಟ.

ಓಣಿಯ ಬೆಳ್ಳಿ ಕೆಲಸಗಾರ ಫಿದೆನ್ಸಿಯೋ, ನಿಕಾನೋರನ ಮಗಳಿಗೆ ಚರ್ಚಿನಲ್ಲಿ ಜ್ಞಾನತಂದೆಯಾಗಿ ನಿಂತವನು, ಆದ್ದರಿಂದ ಕೊಂಪಾದ್ರೆ, ಅಂದರೆ ಬೀಗನಿದ್ದ ಹಾಗೆ. ಅವನ ಮೊಮ್ಮಗುವಿನ ನಾಮಕರಣಕ್ಕೆ ರಾಜಧಾನಿಯಿಂದ ಲಿಯೊನೋರ್ ತೆಹೇದಾ ಎಂಬ ಹೆಂಗಸು ಬಂದಿದ್ದಳು. ದೊಡ್ಡ ಕನ್ನಡಕ, ಸಣ್ಣ ದನಿ. ಅವಳು ಊಟದ ಮಧ್ಯೆ ಎದ್ದು ಬಂದು, ನಿಕಾನೋರನ ಹೆಂಡತಿ ಎರ್ಮೆಲಿಂದಾಳ ಕೊರಳಿನ ಸರವನ್ನು ಅಪ್ಪಣೆ ಕೇಳಿ ಮುಟ್ಟಿದಳು. ಕೊಕ್ಕಿಗೆ ಕೊಕ್ಕು ಕೊಟ್ಟು ನಿಂತ ಬೆಳ್ಳಿ ಪಾರಿವಾಳಗಳ ಸರ, ನಡುವೆ ನೇರಳೆ ಕಲ್ಲು. ಎರ್ಮೆಲಿಂದಾಳ ತಾಯಿಯದು. ಲಿಯೊನೋರ್ ಕೊಂಡಿಯನ್ನು ತಿರುಗಿಸಿ, ಭೂತಗನ್ನಡಿ ಹಿಡಿದು, ಅಲ್ಲಿದ್ದ ಪುಟ್ಟ ಹದ್ದಿನ ಮುದ್ರೆಯನ್ನು ಕಂಡು ನಿಟ್ಟುಸಿರುಬಿಟ್ಟಳು. ಇಂಥ ಹಳೇ ಕೆಲಸ ಈಗ ಹುಡುಕಿದರೂ ಸಿಗುವುದಿಲ್ಲ, ಇದಕ್ಕಾಗಿ ಸಮುದ್ರ ದಾಟಿ ಬರುವ ಹುಚ್ಚರಿದ್ದಾರೆ, ತಾನೊಂದು ಪ್ರದರ್ಶನ ಏರ್ಪಡಿಸುತ್ತಿದ್ದೇನೆ ಎಂದೆಲ್ಲ ಹೇಳಿ, ನೀವು ಸಂಗ್ರಾಹಕರೇ ಎಂದು ಕೇಳಿದಳು.

ಕೇಳಿದ್ದು ಎರ್ಮೆಲಿಂದಾಳನ್ನು. ಆದರೆ ಬಾಯಿ ತುಂಬ ತಮಾಲೆ ಕಡುಬು ತುಂಬಿಕೊಂಡಿದ್ದ ನಿಕಾನೋರ್ ಅದನ್ನು ಇಡಿಯಾಗಿ ನುಂಗಿ, "ಹೌದು ಸೆನ್ಯೋರಾ, ಬಹಳ ವರ್ಷದಿಂದ" ಎಂದುಬಿಟ್ಟ. ಎದುರಿಗೆ ಕೂತಿದ್ದ ಫಿದೆನ್ಸಿಯೋ ಚಮಚ ಕೆಳಗಿಟ್ಟ. ಎರ್ಮೆಲಿಂದಾ ಗಂಡನ ಕಡೆ ತಿರುಗಿದಳು. ಲಿಯೊನೋರ್ ಮಾತ್ರ ಹಿಗ್ಗಿ, ಮುಂದಿನ ತಿಂಗಳ ಮೊದಲ ಗುರುವಾರ ನಿಮ್ಮ ಮನೆಗೇ ಬಂದು ನೋಡುತ್ತೇನೆ, ಚೆನ್ನಾಗಿದ್ದರೆ ಗಾಜಿನ ಪೆಟ್ಟಿಗೆಯಲ್ಲಿಟ್ಟು ಕೆಳಗೆ 'ದೋನ್ ನಿಕಾನೋರ್ ಬಾಯೇನಾ ಅವರ ಸಂಗ್ರಹದಿಂದ' ಎಂದು ಅಚ್ಚು ಹಾಕಿಸಿದ ಚೀಟಿ ಇಡುತ್ತೇನೆ ಎಂದಳು. ಆ ಚೀಟಿ ನಿಕಾನೋರನ ತಲೆಯೊಳಗೆ ಹೋಗಿ ಕೂತಿತು. ಅಲ್ಲಿ ಬೇರೆ ಸಾಮಾನು ಹೆಚ್ಚಿಲ್ಲದ್ದರಿಂದ ಅದಕ್ಕೆ ವಿಶಾಲವಾಗಿ ಜಾಗ ಸಿಕ್ಕಿತು.

ಮನೆಗೆ ಬಂದು ನೋಡಿದರೆ ಸಂಗ್ರಹದಲ್ಲಿದ್ದದ್ದು ಒಂದೇ ಒಡವೆ, ಅದೂ ಹೆಂಡತಿಯದು. ಅದನ್ನಾದರೂ ಕೊಡು ಎಂದು ಅವನು ವಾರವಿಡೀ ಬೆನ್ನು ಹತ್ತಿದ. ಕೊನೆಗೆ ಎರ್ಮೆಲಿಂದಾ ಸರ ಬಿಚ್ಚಿ ಅವನ ಅಂಗೈಯಲ್ಲಿಟ್ಟಳು.

"ನೋಡು ಮುದುಕ, ನಮ್ಮಮ್ಮಂದು ಅಂತ ನನ್ನ ಹತ್ರ ಇರೋದು ಇದೊಂದೇ. ಆ ಹೆಂಗಸು ನೋಡಿ ಹೋದ ಸಂಜೆ ಇದು ನನ್ನ ಕೊರಳಲ್ಲಿರಬೇಕು. ಇಲ್ಲದಿದ್ರೆ ನಿನ್ನನ್ನ ಗಾಜಿನ ಪೆಟ್ಟಿಗೇಲಿಟ್ಟು ಚೀಟಿ ಅಂಟಿಸ್ತೀನಿ."

ನಿಕಾನೋರ್ ಎದೆ ಮುಟ್ಟಿಕೊಂಡು ಮಾತು ಕೊಟ್ಟ.

ಇನ್ನು ಉಳಿದ ಸಂಗ್ರಹವನ್ನು ಮಾಡಬೇಕಿತ್ತು. ಶನಿವಾರದ ಬೆಳ್ಳಿ ಸಂತೆಯಲ್ಲಿ ಸಿಗುವುದೆಲ್ಲ ಹೊಚ್ಚಹೊಸದು, ಹೊಗೆ ಹಿಡಿಸಿ ಮುದಿಮಾಡಿದ್ದು. ನಿಜವಾದ ಹಳೇ ಬೆಳ್ಳಿ ಇರುವುದು ಮುದುಕಿಯರ ಪೆಟ್ಟಿಗೆಯ ತಳದಲ್ಲಿ. ಆದರೆ ತನಗೆ ಬೇಕು ಎಂದು ಬಾಯಿಬಿಟ್ಟರೆ ಬೆಲೆ ಆಕಾಶಕ್ಕೇರುತ್ತದೆ. ನಿಕಾನೋರ್ ತಲೆ ಓಡಿಸಿದ. ಸಾವಿನ ಮನೆಗೆ ಹೋಗುವಾಗ ಮಾತ್ರ ತೊಡುವ ಕರಿಯ ಕೋಟು ತೊಟ್ಟ. ಒಂದು ಹರಿವಾಣಕ್ಕೆ ನೇರಳೆ ಮಖಮಲ್ಲು ಹೊದಿಸಿ, ಬೋಣಿಗೆಂದು ಹೆಂಡತಿಯ ಸರವನ್ನು ನಡುವೆ ಇಟ್ಟ. ಅದನ್ನು ಎರಡೂ ಕೈಯಲ್ಲಿ ಹಿಡಿದು, ಓಣಿಯ ಕಲ್ಲುಹಾಸಿನ ಮೇಲೆ ಜಾರದಂತೆ ಮೆಲ್ಲನೆ ನಡೆದು, ಬಾಗಿಲು ಬಾಗಿಲಿಗೆ ನಿಂತು, ತಗ್ಗಿದ ದನಿಯಲ್ಲಿ ಹೇಳತೊಡಗಿದ: "ಮನೇಲಿ ಹಳೇ ಬೆಳ್ಳಿ ಏನಾದ್ರೂ ಇದ್ಯಾ? ನನಗೋಸ್ಕರ ಅಲ್ಲ."

ಇಲ್ಲಿ ಸ್ವಲ್ಪ ನಿಲ್ಲಬೇಕು. ನಿಕಾನೋರನಿಗೆ ಗೊತ್ತಿಲ್ಲದ ಒಂದು ವಿಷಯ ನಮಗೆ ಗೊತ್ತಿರುವುದು ಒಳ್ಳೆಯದು.

ಲಾಳದ ಓಣಿಯ ತುದಿಯಲ್ಲೊಂದು ಪುಟ್ಟ ಚರ್ಚು, ಅದರಲ್ಲೊಬ್ಬಳು ಪುಟ್ಟ ಮರಿಯಮ್ಮ. ಆ ವರ್ಷ ಈಸ್ಟರ್ ಹಬ್ಬದಲ್ಲಿ ಅವಳ ಬೆಳ್ಳಿ ಕಿರೀಟ ಬಿರುಕುಬಿಟ್ಟಿತ್ತು. ಹೊಸ ಕಿರೀಟಕ್ಕೆ ಓಣಿಯಲ್ಲೊಂದು ಹಳೆಯ ಕಟ್ಟಳೆ. ಯಾರೋ ಒಬ್ಬ ತಾನಾಗಿ ಆ ಹರಕೆ ಹೊರಬೇಕು. ಹೊತ್ತಿದ್ದೇನೆಂದು ಯಾರಿಗೂ, ಪಾದ್ರಿಗೂ ಹೇಳಕೂಡದು. ಮೊದಲು ತನ್ನ ಮನೆಯ ಅತಿ ಪ್ರೀತಿಯ ಒಡವೆಯನ್ನು ಹರಿವಾಣದಲ್ಲಿಟ್ಟು, ಆಮೇಲೆ ಮನೆಮನೆಗೆ ಹೋಗಿ ಹಳೇ ಬೆಳ್ಳಿ ಎತ್ತಬೇಕು. ಕೊಡುವವರು ದುಡ್ಡು ಮುಟ್ಟಕೂಡದು. ಒಡವೆ ಕೊಡುವಾಗ ಅವನ ಕಿವಿಯಲ್ಲಿ ತಮ್ಮ ಬೇಡಿಕೆ ಹೇಳಬೇಕು. ಅದು ಮೂರನೆಯ ಕಿವಿಗೆ ಬಿದ್ದರೆ ಫಲಿಸುವುದಿಲ್ಲ. ಮರಿಯಮ್ಮನಿಗೋ ಎಂದು ಯಾರಾದರೂ ಕೇಳಿದರೆ ಅವನು ಅಲ್ಲ ಎನ್ನಬೇಕು. ಹಿಂದಿನ ಕಿರೀಟ ಮಾಡಿಸಿದಾಗ ಎರ್ಮೆಲಿಂದಾ ತೊಟ್ಟಿಲಲ್ಲಿದ್ದಳು, ನಿಕಾನೋರ್ ಇಗ್ವಾಲದಲ್ಲಿ ಮಣ್ಣು ತಿನ್ನುತ್ತಿದ್ದ. ನೆನಪಿದ್ದದ್ದು ಓಣಿಯ ಹಿರಿಯರಿಗೆ ಮಾತ್ರ. ಅವರು ಕರಿಯ ಕೋಟನ್ನೂ ಹರಿವಾಣವನ್ನೂ ಅದರ ನಡುವೆ ಅತ್ತೆಯ ಸರವನ್ನೂ ಕಂಡರು. ಇನ್ನೇನು ಬೇಕು?

ಮೊದಲ ಬಾಗಿಲು ದೋನ್ಯಾ ಓತಿಲಿಯಾಳದು. ವಿಧವೆ, ಓಣಿಯ ಸುದ್ದಿಯೆಲ್ಲ ಅವಳ ಹೊಸ್ತಿಲು ದಾಟಿಯೇ ಮುಂದೆ ಹೋಗಬೇಕು. ಹರಿವಾಣವನ್ನು ನೋಡಿದವಳೇ ಒಳಗೆ ಹೋಗಿ, ತನ್ನ ತಾಯಿಯ ಜೋಡಿ ಓಲೆ ತಂದಿಟ್ಟಳು. ನಿಕಾನೋರ್ ಜೇಬಿಗೆ ಕೈ ಹಾಕಿದ್ದೇ ತಡ, ಅವಳ ಮುಖ ಕಪ್ಪಿಟ್ಟಿತು. ದುಡ್ಡಿನ ಮಾತೆತ್ತಿದರೆ ಬಾಗಿಲು ಹಾಕುತ್ತೇನೆಂದಳು. ಆಮೇಲೆ ಅವನ ಕಿವಿಗೆ ಬಗ್ಗಿ, "ನನ್ನ ಬಲಗಾಲಿನ ಮಂಡಿ" ಎಂದು ಪಿಸುಗುಟ್ಟಿದಳು.

ಬೇರೆ ಯಾರಾದರೂ ಆಗಿದ್ದರೆ ಬೆಚ್ಚಿಬೀಳುತ್ತಿದ್ದರು. ಆದರೆ ನಿಕಾನೋರ್ ಜೀವಮಾನವೆಲ್ಲ ಕಿಟಕಿಯ ಹಿಂದೆ ಕೂತವನು. ಕೈಗೊಂದು ಕಾಣಿಕೆ, ಕಿವಿಗೊಂದು ಕಷ್ಟ, ಇದು ಅವನಿಗೆ ಉಸಿರಾಡಿದಷ್ಟು ಸಹಜ. ಸರ್ಕಾರಿ ಆಸ್ಪತ್ರೆಯಲ್ಲಿ ಶಿಫಾರಸು ಕೇಳುತ್ತಿದ್ದಾಳೆ, ಪಾಪ, ನಾನಿನ್ನೂ ಕೆಲಸದಲ್ಲಿದ್ದೇನೆ ಅಂದುಕೊಂಡಿದ್ದಾಳೆ ಎಂದು ಅವನಿಗೆ ಅನ್ನಿಸಿತು. ಗಂಭೀರವಾಗಿ ತಲೆದೂಗಿ, "ಯೋಚನೆ ಮಾಡ್ಬೇಡಿ. ಗುರುವಾರದೊಳಗೆ ನೋಡೋಣ" ಎಂದ.

ಓತಿಲಿಯಾ ಶಿಲುಬೆಯ ಗುರುತು ಮಾಡಿಕೊಂಡಳು. ಹಿಂದಿನ ಸಲ ಹರಕೆ ಹೊತ್ತವನೂ ಒಳ್ಳೆಯ ಭಕ್ತನೇ, ಆದರೆ ಅವನು ವಾರ ಹೇಳಿರಲಿಲ್ಲ.

ಆ ದಿನದಿಂದ ಅವಳು ಹೊಸ್ತಿಲ ಮೇಲೆ ಕುರ್ಚಿ ಹಾಕಿಕೊಂಡು, ಹೋಗಿಬರುವವರಿಗೆಲ್ಲ ನಿಕಾನೋರನ ನಂಬಿಕೆಯ ಬಲವನ್ನು ವರ್ಣಿಸುತ್ತ ಕೂತಳು. ಓಣಿಯ ಏರು ಹತ್ತುವುದು ತಪ್ಪಿದ್ದರಿಂದ ಮಂಡಿ ನೋವು ಇಳಿಯಿತು. ಇಳಿದ ಸುದ್ದಿಯನ್ನು ಹೇಳಲು ಅವಳು ಎದ್ದು ಓಣಿಯಿಡೀ ಓಡಾಡಿದಳು.

ಅಲ್ಲಿಂದಾಚೆ ನಿಕಾನೋರ್ ಬಾಗಿಲು ತಟ್ಟುವ ಅಗತ್ಯವೇ ಬೀಳಲಿಲ್ಲ. ಜನ ಬಾಗಿಲು ತೆರೆದುಕೊಂಡು ಕಾಯುತ್ತಿದ್ದರು. ಕಡಗ ಬಂತು, ಬಾಚಣಿಗೆ ಬಂತು, ಮೀನಿನಾಕಾರದ ಪದಕ ಬಂತು, ಯಾರದೋ ತಾತನ ಬೆಲ್ಟಿನ ಬಿಲ್ಲೆ ಬಂತು. ಮಗಳಿಗೆ ಗಂಡು ಸಿಗಲಿ, ಅಳಿಯ ಕುಡಿತ ಬಿಡಲಿ, ಎದುರುಮನೆಯವನ ಹುಂಜ ಸಾಯಲಿ ಎಂದು ಕಿವಿ ತುಂಬಿತು. ಇದೇನು ಎಲ್ಲರೂ ಒಟ್ಟಿಗೆ ಇಷ್ಟು ದಡ್ಡರಾದರಲ್ಲ ಎಂದು ಒಳಗೊಳಗೇ ಹಿಗ್ಗಿ, ನಿಕಾನೋರ್ ಪ್ರತಿಯೊಬ್ಬರಿಗೂ ಗುರುವಾರದ ಭರವಸೆ ಕೊಟ್ಟ. ಅಳಿಯನ ವಿಷಯದಲ್ಲಿ ಮಾತ್ರ, ಕೆಲಸ ಕೊಂಚ ಕಷ್ಟ, ಮೇಲಿನವರಿಗೆ ಒಂದು ಮಾತು ಹಾಕಿ ನೋಡುತ್ತೇನೆ ಎಂದ. ಆ ಅತ್ತೆ ಅವನ ಕೈಗೆ ಮುತ್ತಿಟ್ಟು ಅತ್ತಳು.

ಮನೆಯಲ್ಲಿ ಕಥೆಯೇ ಬೇರೆ. ಎಲ್ಲವನ್ನೂ ಪುಕ್ಕಟೆ ತಂದೆ ಎಂದರೆ ಹೆಂಡತಿ ನೂರೆಂಟು ಪ್ರಶ್ನೆ ಕೇಳುತ್ತಾಳೆಂದು ನಿಕಾನೋರ್ ಚೌಕಾಸಿ ಮಾಡಿ ಕೊಂಡೆ ಎಂದು ಜಂಬ ಕೊಚ್ಚಿದ್ದ. ಎರ್ಮೆಲಿಂದಾ ಮಾಂಸ ತರುವುದನ್ನೇ ನಿಲ್ಲಿಸಿದಳು. ಬೆಳಿಗ್ಗೆ ಹುರುಳಿಕಾಯಿ ಬೀಜದ ಸಾರು, ಮಧ್ಯಾಹ್ನ ಅದೇ ಬೀಜ, ರಾತ್ರಿ ಮತ್ತೆ ಅದೇ. ಪಿಂಚಣಿಯನ್ನೆಲ್ಲ ಹಳೇ ಒಡವೆಗೆ ಸುರಿದವನು ಒಡವೆಯನ್ನೇ ಅಗಿಯಲಿ ಎಂಬುದು ಅವಳ ನಿಲುವು. ನಿಕಾನೋರ್ ಓಣಿಯವರು ಭಕ್ತಿಯಿಂದ ಕೊಟ್ಟ ತಮಾಲೆಗಳನ್ನು ಹಿತ್ತಲ ಗೋಡೆಯ ಮರೆಯಲ್ಲಿ ನಿಂತು ತಿಂದು ಜೀವ ಹಿಡಿದುಕೊಂಡ.

ಅವಳ ಸಿಟ್ಟಿಗೆ ಇನ್ನೂ ಕಾರಣಗಳಿದ್ದವು. ದಿನಾ ಬೆಳಿಗ್ಗೆ ಹೊಸ್ತಿಲ ಮೇಲೆ ಯಾರೋ ಮೇಣದಬತ್ತಿ ಹಚ್ಚಿಟ್ಟು ಹೋಗಿರುತ್ತಿದ್ದರು. ಕೆರೆದು ತೆಗೆಯುವುದು ಅವಳ ಪಾಲಿಗೆ. ಅವಳು ಸಂತೆಗೆ ಹೊರಟರೆ ಬಿಳಿ ವೋಕ್ಸ್‌ವ್ಯಾಗನ್ ಟ್ಯಾಕ್ಸಿಯವನು ಇಳಿಜಾರಿನಲ್ಲೇ ಬ್ರೇಕು ಹಾಕಿ ಟೋಪಿ ತೆಗೆಯುತ್ತಿದ್ದ.

"ನಮ್ಮನೇಲಿ ಯಾರು ಸತ್ತಿದ್ದಾರೆ? ನನಗಾದ್ರೂ ಹೇಳು," ಎಂದು ಒಂದು ದಿನ ಮೇಣ ಕೆರೆಯುವ ಚಾಕು ಹಿಡಿದೇ ಬಂದಳು.

"ಸಂಗ್ರಾಹಕನಿಗೆ ಊರು ಕೊಡೋ ಮರ್ಯಾದೆ ಕಣೆ," ಎಂದ ನಿಕಾನೋರ್. "ನಿನಗೆ ಅಭ್ಯಾಸ ಇಲ್ಲ ಅಷ್ಟೇ."

"ನಮ್ಮಪ್ಪ ಇಡೀ ಜೀವಮಾನ ಬೆಳ್ಳಿ ಕೆಲಸ ಮಾಡಿದ. ಅವನಿಗೆ ಒಬ್ಬನೂ ಬತ್ತಿ ಹಚ್ಚಲಿಲ್ಲ. ಅಮ್ಮನ ಸರ ಹುಷಾರು."

ಫಿದೆನ್ಸಿಯೋ ಒಮ್ಮೆ ಬಂದು ಹರಿವಾಣದ ಮುಂದೆ ಬಹಳ ಹೊತ್ತು ನಿಂತ. ಜೀವನದಲ್ಲಿ ಮೊದಲ ಸಲ ಅವನ ಕಣ್ಣಿನಲ್ಲಿ ಮರುಕವಿರಲಿಲ್ಲ. ಅಂದು ಊಟದಲ್ಲಿ ಆಡಿದ ಸಂಗ್ರಾಹಕನ ಮಾತು ಹರಕೆಯನ್ನು ಮುಚ್ಚಿಡುವ ನೆಪ ಎಂದು ಅವನು ತಿಳಿದಿದ್ದ. "ಕೊಂಪಾದ್ರೆ, ನೀನು ಇಂಥವನು ಅಂತ ನಂಗೆ ಗೊತ್ತಿರ್ಲಿಲ್ಲ. ಗುರುವಾರ ನಾವೆಲ್ಲ ಬರ್ತೀವಿ," ಎಂದು ಅಪ್ಪಿಕೊಂಡು ಹೋದ. ಪ್ರದರ್ಶನದ ಸುದ್ದಿ ಹಬ್ಬಿದೆ ಎಂದುಕೊಂಡ ನಿಕಾನೋರ್ ಕನ್ನಡಿಯ ಮುಂದೆ ನಿಂತು, ಚೀಟಿಗೆ ಒಪ್ಪುವಂಥ ಮುಖಭಾವವನ್ನು ಅಭ್ಯಾಸ ಮಾಡಿದ.

ಗುರುವಾರ ಬಂತು. ಗುರುವಾರ ಮುಸುಕಿನ ಜೋಳದ ಪೊಸೋಲೆ ಗಂಜಿ ಬೇಯಿಸದ ಮನೆ ಆ ಸೀಮೆಯಲ್ಲಿಲ್ಲ. ಎರ್ಮೆಲಿಂದಾ ಕೂಡ ಸಿಟ್ಟನ್ನು ಅರ್ಧ ದಿನ ಬದಿಗಿಟ್ಟು ಅಡುಗೆಮನೆಯಲ್ಲಿ ಹಸಿರು ಪೊಸೋಲೆಯ ಹಂಡೆ ಏರಿಸಿದ್ದಳು. ಲಿಯೊನೋರ್ ತೆಹೇದಾ ಬಿಳಿ ಕೈಗವಸು ತೊಟ್ಟು ನಡುಮನೆಯ ಮೇಜಿನ ಮುಂದೆ ಕೂತು, ಒಂದೊಂದೇ ಒಡವೆ ಎತ್ತಿದಳು. ಎತ್ತುತ್ತ ಹೋದಂತೆ ಅವಳ ದನಿ ಇನ್ನೂ ಸಣ್ಣದಾಯಿತು. ಓತಿಲಿಯಾಳ ಓಲೆ ನೋಡಿ ಕನ್ನಡಕ ತೆಗೆದು ಒರೆಸಿಕೊಂಡಳು. ಇಂಥ ಜೋಡಿ ಇನ್ನೊಂದು ಕಂಡಿಲ್ಲ, ಒಂದು ಓಣಿಯೊಳಗೆ ಇಷ್ಟನ್ನು ಕಲೆಹಾಕಿದ ನಿಮ್ಮ ಕಣ್ಣಿಗೆ ಶರಣು ಎಂದು, ಚೀಲದಿಂದ ಮಾದರಿಯ ಚೀಟಿಯೊಂದನ್ನು ತೆಗೆದು ಅವನ ಕೈಯಲ್ಲಿಟ್ಟಳು. ಅವನ ಹೆಸರು ಕಪ್ಪು ಅಕ್ಷರದಲ್ಲಿ, ಸುತ್ತ ಬಳ್ಳಿಯ ಅಂಚು. ನಿಕಾನೋರ್ ಅದನ್ನು ಎರಡು ಸಲ ಓದಿದ. ಮೀಸೆ ಸುಟ್ಟ ದಿನದಿಂದ ಹೊತ್ತ ಅವಮಾನವೆಲ್ಲ ಆ ಒಂದು ಗಳಿಗೆಗೆ ಇಳಿದುಹೋಯಿತು.

ಆಗ ಓಣಿಯ ಕೆಳಗಿನಿಂದ ತುತ್ತೂರಿಯೂ ನಗಾರಿಯೂ ಕೇಳಿದವು. ಬ್ಯಾಂಡನ್ನೂ ಕರೆಸಿದ್ದೀರಾ ಎಂದಳು ಲಿಯೊನೋರ್. ಅವನು ವಿನಯದಿಂದ ಕಣ್ಣು ಕೆಳಗೆ ಮಾಡಿದ.

ಬಾಗಿಲು ತೆರೆದರೆ ಓಣಿಗೆ ಓಣಿಯೇ ನಿಂತಿತ್ತು. ಮುಂದೆ ಪಾದ್ರಿ ಅಬುಂದಿಯೋ, ಪೂಜೆಯ ಉಡುಪಿನಲ್ಲಿ. ಪಕ್ಕದಲ್ಲಿ ಓತಿಲಿಯಾ, ಎರಡೂ ಕಾಲಿನ ಮೇಲೆ ಸಮವಾಗಿ ನಿಂತು. ಹಿಂದೆ ಫಿದೆನ್ಸಿಯೋ, ಕೈಯಲ್ಲಿ ಬೆಳ್ಳಿ ಕರಗಿಸುವ ಮೂಸೆ, ಬಿಳಿಗಾರದ ಡಬ್ಬಿ, ಹೆಗಲ ಮೇಲೆ ಗ್ಯಾಸಿನ ಸಿಲಿಂಡರು. ಪಾದ್ರಿ ಎರಡೂ ಕೈ ಚಾಚಿ, ಈ ಕಾಲದಲ್ಲೂ ಬಾಯಿಬಿಡದೆ ಹರಕೆ ಹೊರುವವರಿದ್ದಾರೆ, ಹೊರಗಿನಿಂದ ಬಂದವನು ಒಳಗಿನವರಿಗೆ ದಾರಿ ತೋರಿಸಿದ, ಇನ್ನು ಈ ಬೆಳ್ಳಿ ಕರಗಿ ಮಾತೆಯ ತಲೆಯ ಮೇಲೆ ಕಿರೀಟವಾಗಲಿ ಎಂದು ಹರಸಿದರು.

ಕಿರೀಟ ಎಂಬ ಮಾತು ಬೀಳುವವರೆಗೂ ನಿಕಾನೋರ್ ನಗುತ್ತಲೇ ಇದ್ದ. ಆಮೇಲೆ ಮೇಣದಬತ್ತಿ, ಟ್ಯಾಕ್ಸಿ, ಮಂಡಿ, ಹುಂಜ ಎಲ್ಲವೂ ಒಂದರ ಹಿಂದೊಂದು ಅವನ ತಲೆಯೊಳಗೆ ಬಂದು ಸಾಲಾಗಿ ನಿಂತವು.

"ಕರಗಿಸೋದಾ?" ಎಂದಳು ಲಿಯೊನೋರ್. ಅವಳ ಮುಖ ಕೈಗವಸಿಗಿಂತ ಬೆಳ್ಳಗಾಗಿತ್ತು. ಆದರೆ ಬುದ್ಧಿವಂತೆ. ತಕ್ಷಣವೇ, ಇಷ್ಟೇ ತೂಕದ ಹೊಸ ಬೆಳ್ಳಿಯನ್ನು ನಾಳೆಯೇ ತರಿಸಿಕೊಡುತ್ತೇನೆ, ಎರಡರಷ್ಟು ಬೇಕಾದರೂ ಸರಿ, ಅದರಲ್ಲಿ ಕಿರೀಟ ಮಾಡಿಸಿ, ಇವು ಹೀಗೇ ಉಳಿಯಲಿ ಎಂದು ಬೇಡಿಕೊಂಡಳು.

ಓತಿಲಿಯಾ ಅವಳನ್ನು ಮಗುವನ್ನು ನೋಡುವ ಹಾಗೆ ನೋಡಿದಳು. "ತಾಯೀ, ನಾನು ಕೊಟ್ಟಿದ್ದು ತೂಕ ಅಲ್ಲ, ನಮ್ಮಮ್ಮನ ಓಲೆ. ನಾನು ಕೇಳ್ಕೊಂಡಿದ್ದು ಅದರೊಳಗೇ ಇದೆ. ಹೊಸ ಬೆಳ್ಳಿಗೆ ನನ್ನ ಮಂಡಿ ವಿಷಯ ಏನ್ ಗೊತ್ತು?"

ಜನ ಹೌದೌದು ಎಂದರು. ಮಗಳಿಗೆ ಗಂಡು ಕೇಳಿದವರೂ, ಹುಂಜ ಸಾಯಲಿ ಎಂದವರೂ ಹೌದೆಂದರು. ಹುಂಜದ ಒಡೆಯನೂ, ಏನೆಂದು ತಿಳಿಯದೆ, ಹೌದೆಂದ.

ನಿಕಾನೋರ್ ಹರಿವಾಣವನ್ನು ನೋಡಿದ. ನಡುವೆ ಪಾರಿವಾಳಗಳು ಕೊಕ್ಕಿಗೆ ಕೊಕ್ಕು ಕೊಟ್ಟು ಕೂತಿದ್ದವು. ಸಂಜೆಯೊಳಗೆ ಅವು ಎಲ್ಲಿರಬೇಕೆಂಬುದು ಅವನಿಗೆ ನೆನಪಾಯಿತು. ಇನ್ನು ಒಂದೇ ದಾರಿ ಉಳಿದಿತ್ತು, ಅವನು ಜೀವಮಾನದಲ್ಲಿ ಹೆಚ್ಚಾಗಿ ತುಳಿಯದ ದಾರಿ. ಅವನು ನಿಜ ಹೇಳಿದ.

"ಕೇಳಿ, ನಾನು ಯಾವ ಹರಕೆನೂ ಹೊತ್ತಿಲ್ಲ. ಮರಿಯಮ್ಮನಿಗೂ ಇದಕ್ಕೂ ಸಂಬಂಧ ಇಲ್ಲ. ಎಲ್ಲಾ ನನಗೋಸ್ಕರ ಎತ್ತಿದ್ದು. ನನ್ನ ಹೆಸರು ಚೀಟಿ ಮೇಲೆ ಬರ್ಲಿ ಅಂತ. ನಾನು ಸುಳ್ಳ, ಜಂಬಗಾರ. ನಿಮ್ಮ ನಿಮ್ಮ ಒಡವೆ ತಗೊಂಡು ಹೋಗಿ."

ಪಾದ್ರಿ ಅಬುಂದಿಯೋ ಕಣ್ಣೊರೆಸಿಕೊಂಡರು. ಹರಕೆ ಹೊತ್ತವನು ಅಲ್ಲ ಎನ್ನಬೇಕೆಂಬುದು ಕಟ್ಟಳೆ. ಆದರೆ ಓಣಿಯ ಎದುರು ತನ್ನ ಮೇಲೆ ತಾನೇ ಇಷ್ಟು ಕೆಸರು ಎರಚಿಕೊಂಡು ಅಲ್ಲ ಎಂದವನನ್ನು ಯಾರೂ ಕಂಡಿರಲಿಲ್ಲ. ಹಿಂದಿನವನು ಬರೀ ತಲೆಯಾಡಿಸಿದ್ದ ಎಂದು ಓತಿಲಿಯಾ ನೆನಪಿಸಿಕೊಂಡಳು. ಕುಡಿಯುವ ಅಳಿಯ ಮುಂದೆ ಬಂದು ನಿಕಾನೋರನ ಕಾಲು ಮುಟ್ಟಿ, ಇನ್ನು ಮುಂದೆ ಕುಡಿಯುವುದಿಲ್ಲ ಎಂದು ಬಿಕ್ಕಿದ. ನಿಕಾನೋರ್ ಆಣೆ ಇಟ್ಟು ಮತ್ತೆ ನಿಜ ಹೇಳಿದ. ಅವನು ಹೆಚ್ಚು ಆಣೆ ಇಟ್ಟಷ್ಟೂ ಜನ ಹೆಚ್ಚು ಮಂಡಿಯೂರಿದರು. ಅಷ್ಟು ಜೋರಾಗಿ ಅವನಿಗೆ ಎಂದೂ ಅಳು ಬಂದಿರಲಿಲ್ಲ, ಅದನ್ನೂ ಅವರು ಭಕ್ತಿಯೆಂದೇ ತಿಳಿದರು.

ಗದ್ದಲಕ್ಕೆ ಎರ್ಮೆಲಿಂದಾ ಸೌಟು ಹಿಡಿದು ಅಡುಗೆಮನೆಯಿಂದ ಬಂದು, ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದಳು. ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಫಿದೆನ್ಸಿಯೋ ಮೂಸೆಯನ್ನು ಕಲ್ಲಿನ ಮೇಲೆ ಇಟ್ಟು, ಉರಿ ಹಚ್ಚಿ, ಒಂದೊಂದೇ ಒಡವೆ ಇಳಿಸಿದ. ಸರದ ಸರದಿ ಬಂದಾಗ ಕೈ ತಡೆದ.

"ಕೊಮಾದ್ರೆ, ಇದು ನಿಮ್ಮಮ್ಮಂದು. ನೀವು ಬೇಡ ಅಂದ್ರೆ ತೆಗೆದಿಡ್ತೀನಿ."

"ತೆಗೆದಿಡು, ತೆಗೆದಿಡು, ಅದು ಅವಳದು," ಎಂದ ನಿಕಾನೋರ್. ಹೇಳುತ್ತಿದ್ದ ಹಾಗೆಯೇ ಓತಿಲಿಯಾ ಮೆಲ್ಲನೆ, ಆ ಸರ ಹರಿವಾಣದಲ್ಲಿ ಮೊದಲು ಕಂಡದ್ದಕ್ಕೇ ನಾವೆಲ್ಲ ನಮ್ಮ ಅಮ್ಮಂದಿರ ಒಡವೆ ಕೊಟ್ಟದ್ದು ಎಂದಳು. ಕುಹಕವಿರಲಿಲ್ಲ, ಇದ್ದದ್ದನ್ನೇ ಹೇಳಿದಳು. ಆಮೇಲೆ ಎಲ್ಲರೂ ಎರ್ಮೆಲಿಂದಾಳ ಕಡೆ ನೋಡಿದರು. ಮೂಸೆಯಲ್ಲಿ ಆಗಲೇ ಓಣಿಯ ಎಲ್ಲ ತಾಯಂದಿರ ಬೆಳ್ಳಿ ಕೆಂಪಗಾಗಿ ಕುಸಿಯುತ್ತಿತ್ತು.

ಎರ್ಮೆಲಿಂದಾ ಸೌಟನ್ನು ಗಂಡನ ಕೈಗೆ ಕೊಟ್ಟಳು. ಸರವನ್ನು ತೆಗೆದುಕೊಂಡು ಶಾಲಿನ ಅಂಚಿನಿಂದ ಒರೆಸಿದಳು. ನೇರಳೆ ಕಲ್ಲನ್ನು ಫಿದೆನ್ಸಿಯೋನ ಚಿಮಟದಿಂದ ಕಿತ್ತು ಲಿಯೊನೋರಳ ಅಂಗೈಗೆ ಹಾಕಿ, ಇದು ಕರಗುವುದಿಲ್ಲ, ಇಟ್ಟುಕೊಳ್ಳಿ ಎಂದಳು. ಪಾರಿವಾಳಗಳನ್ನು ಮಾತ್ರ ಬಾಯಿಯ ಹತ್ತಿರ ತಂದು, ಗಂಡನ ಕಡೆ ಒಮ್ಮೆ ನೋಡಿ, ಅವುಗಳಿಗೆ ಏನೋ ಪಿಸುಗುಟ್ಟಿದಳು. ಆಮೇಲೆ ತಾನೇ ಮೂಸೆಗೆ ಬಿಟ್ಟಳು. ಬ್ಯಾಂಡಿನವರು ತಡಮಾಡದೆ ಬಾರಿಸಿದರು. ಲಿಯೊನೋರ್ ಕಣ್ಣು ಮುಚ್ಚಿಕೊಂಡಳು.

ತಣ್ಣಗಾದ ಮೇಲೆ ಅದು ಒಂದು ಉಂಡೆ. ಸಂಗ್ರಹವೆಲ್ಲ ಒಂದೇ ತುಂಡಿನಲ್ಲಿರುವ ಸಂಗ್ರಾಹಕ ಜಗತ್ತಿನಲ್ಲಿ ನಿಕಾನೋರ್ ಒಬ್ಬನೇ ಇರಬೇಕು. ಲಿಯೊನೋರ್ ಹೋಗುವಾಗ ಚೀಟಿಯನ್ನು ಅವನ ಬೆರಳುಗಳ ನಡುವಿನಿಂದ ನಾಜೂಕಾಗಿ ಬಿಡಿಸಿಕೊಂಡು ಹೋದಳು. ಓಣಿಯವರು ಹಂಡೆಯ ಪೊಸೋಲೆಯನ್ನು ಪ್ರಸಾದವೆಂದು ತಳ ಕೆರೆದು ತಿಂದು, ಅವನ ಕೈಗೆ ಮುತ್ತಿಟ್ಟು ಹೊರಟುಹೋದರು.

ಮನೆ ಖಾಲಿಯಾದಾಗ ಸಂಜೆಯಾಗಿತ್ತು. ಎರ್ಮೆಲಿಂದಾ ಬರಿಗೊರಳಲ್ಲಿ ಹಂಡೆ ತೊಳೆಯುತ್ತಿದ್ದಳು. ನಿಕಾನೋರನಿಗೆ ನಾಚಿಕೆಯಿಂದ ನಿಲ್ಲಲೂ ಆಗಲಿಲ್ಲ, ಕೂರಲೂ ಆಗಲಿಲ್ಲ.

"ನಾನು ನಿಜಾನೇ ಹೇಳಿದೆ ಕಣೆ. ಒಬ್ರೂ ನಂಬಲಿಲ್ಲ."

"ನಾನು ನಂಬಿದೆ," ಎಂದಳು ಎರ್ಮೆಲಿಂದಾ, ತಿರುಗಿ ನೋಡದೆ. "ಇಡೀ ಓಣೀಲಿ ನಾನೊಬ್ಳೇ. ಒಂದೊಂದು ಮಾತನ್ನೂ ನಂಬಿದೆ."

ಅವನು ಒರೆಸುವ ಬಟ್ಟೆ ಕೈಗೆತ್ತಿಕೊಂಡು, ಸರಕ್ಕೆ ಅವಳು ಏನು ಹೇಳಿದಳೆಂದು ಕೇಳಿದ. ಹೇಳಿದರೆ ಫಲಿಸುವುದಿಲ್ಲ ಎಂದು ಅವಳು ಹಂಡೆಯನ್ನು ಬೋರಲು ಹಾಕಿದಳು.

ಕಿರೀಟ ಚೆನ್ನಾಗಿ ಬಂತು. ಈಗ ತಾಸ್ಕೋದಲ್ಲಿ ನಿಕಾನೋರನನ್ನು ಮರುಕದಿಂದ ನೋಡುವವರಿಲ್ಲ. ಕ್ಷೌರಿಕ ಕೂಡ ದುಡ್ಡು ಮುಟ್ಟುವುದಿಲ್ಲ. ಆದರೆ ಅವನಿಗೆ ಅದರ ಸುಖವಿಲ್ಲ. ಹೆಂಡತಿ ತಾಯಿಯ ಸರವನ್ನೇ ಕೊಟ್ಟು ಬೇಡಿಕೊಂಡದ್ದು ಸಣ್ಣದಾಗಿರಲಾರದು ಎಂಬ ಯೋಚನೆ ಹಗಲೆಲ್ಲ ಕೊರೆಯುತ್ತದೆ. ಮೊದಲು, ತಾನು ಸಾಯಲಿ ಎಂದಿರಬೇಕು ಅಂದುಕೊಂಡು ಚುಟ್ಟಾ ಬಿಟ್ಟ. ಆಮೇಲೆ, ಬುದ್ಧಿ ಬರಲಿ ಎಂದಿರಬಹುದು ಎಂದು ಮಾತು ಕಡಿಮೆ ಮಾಡಿದ. ಜಂಬ ಇಳಿಯಲಿ ಎಂದಿದ್ದರೆ ಎಂದು ಕರಿಯ ಕೋಟನ್ನೂ ದಾನ ಮಾಡಿದ. ಮೇಣದ ಕಲೆಯನ್ನು ತಾನೇ ಕೆರೆಯುತ್ತಾನೆ, ಸಂತೆಗೆ ತಾನೇ ಹೋಗುತ್ತಾನೆ, ಬೀಜದ ಸಾರನ್ನು ಬಾಯಿ ಚಪ್ಪರಿಸಿ ಉಣ್ಣುತ್ತಾನೆ.

ದಿನಾ ಬೆಳಿಗ್ಗೆ ಎರ್ಮೆಲಿಂದಾ ಕಾಫಿ ತಂದು ಅವನ ಮುಂದಿಡುತ್ತಾಳೆ. ಸೊಂಟದ ಮೇಲೆ ಕೈಯಿಟ್ಟು ಅವನನ್ನು ಮೇಲಿನಿಂದ ಕೆಳಗಿನವರೆಗೆ ಸಾವಕಾಶವಾಗಿ ನೋಡುತ್ತಾಳೆ. ಅವನು ಲೋಟ ಹಿಡಿದು ಉಸಿರು ಬಿಗಿಹಿಡಿಯುತ್ತಾನೆ.

"ಇನ್ನೂ ಇಲ್ಲ," ಎಂದು ತನ್ನಷ್ಟಕ್ಕೆ ಹೇಳಿಕೊಂಡು ಅವಳು ಒಲೆಯ ಕಡೆ ತಿರುಗುತ್ತಾಳೆ.